ಯೇಸುವಿನ ಪುನರುತ್ಥಾನಕ್ಕೂ ಕ್ರೈಸ್ತರ ದಿನನಿತ್ಯದ ಬದುಕಿಗೂ ಏನು ಸಂಬಂಧ?

ಕ್ರಿಸ್ತನು ಸತ್ತವರೊಳಗಿಂದ ಎದ್ದುಬರದಿದ್ದರೆ ನಂಬಿಕೆಯೇ ವ್ಯರ್ಥವೆಂದು ಆದಿ ಕ್ರೈಸ್ತ ಬೋಧಕನಾದ ಪೌಲನು ಗ್ರೀಸಿನ ಕೊರಿಂಥ ನಗರದ ಸಭೆಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ನೇರವಾಗಿಯೇ ಹೇಳುತ್ತಾನೆ. ಆ ದೀರ್ಘ ವಾದವು ಕರ್ತನ ಸೇವೆಯಲ್ಲಿ ಪಡುವ ಪ್ರಯಾಸ ನಿಷ್ಫಲವಾಗದೆಂಬ ಭರವಸೆಯಲ್ಲಿ ಮುಗಿಯುತ್ತದೆ. ಅದರ ಬೆನ್ನಿಗೇ, ಯೆರೂಸಲೇಮಿನ ವಿಶ್ವಾಸಿಗಳಿಗಾಗಿ ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಷ್ಟು ಹಣ ತೆಗೆದಿಡಬೇಕೆಂಬ ಸೂಚನೆ ಬರುತ್ತದೆ. (ಅಧ್ಯಾಯಗಳ ವಿಂಗಡಣೆ ಬಹಳ ನಂತರದ್ದಾದ್ದರಿಂದ ಮೂಲದಲ್ಲಿ ಇವೆರಡರ ನಡುವೆ ಬಿಡುವೇ ಇಲ್ಲ.) ಸಾವಿನ ಭಯ ಕಳೆದವನ ಕೈ ಸಡಿಲವಾಗಬೇಕೆಂಬುದು ಇಲ್ಲಿಯ ತರ್ಕವೆಂದು ನನಗನಿಸುತ್ತದೆ.

ಯೋಹಾನನ ಸುವಾರ್ತೆಯ ಚಿತ್ರವಂತೂ ದಿನನಿತ್ಯದ ಬದುಕಿಗೆ ಇನ್ನೂ ಹತ್ತಿರದ್ದು: ಎದ್ದುಬಂದ ಮೇಲೆ ಶಿಲುಬೆಯ ಗಾಯದ ಗುರುತುಗಳನ್ನು ಶಿಷ್ಯನಾದ ತೋಮನಿಗೆ ತೋರಿಸಿದ ಅದೇ ಯೇಸು, ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನಿಟ್ಟು, ರಾತ್ರಿಯೆಲ್ಲ ಬಲೆ ಬೀಸಿ ಬಂದ ಶಿಷ್ಯರನ್ನು ಬೆಳಗಿನ ಊಟಕ್ಕೆ ಕರೆಯುತ್ತಾನೆ.