ಹಾವೆಂದು ತಿಳಿಯುವ ಮೊದಲೇ ಕಾಲು ಹಿಂದೆ ಸರಿಯುವುದು ಹೇಗೆ?

ಕಾಫಿ ಕುಯ್ಲಿನ ನಡುವೆ ಥಟ್ಟನೆ ಹಿಂದಕ್ಕೆ ಹಾರಿದಿರಿ, ಆಮೇಲೆ ನೋಡಿದರೆ ಒಣಗಿ ಬಿದ್ದ ಮೆಣಸಿನ ಬಳ್ಳಿ. ಮಿದುಳಿಗಿಂತ ಮೊದಲು ಕಾಲಿಗೆ ಗೊತ್ತಾಯಿತೇ, ಇದೇನು ಆರನೇ ಇಂದ್ರಿಯವೇ ಅಂತ ಕೇಳಿದ್ದೀರಿ. ನಾನು ವಿರಾಜಪೇಟೆ ಕಡೆ ಫಿಸಿಯೋಥೆರಪಿ ಮಾಡುವವನು. ಪಾರ್ಶ್ವವಾಯು ಆದವರನ್ನು ಮತ್ತೆ ನಡೆಸುವುದೇ ದಿನದ ಕೆಲಸವಾದ್ದರಿಂದ ಇದಕ್ಕೆ ಉತ್ತರ ಬರೆಯುವ ಆಸೆಯಾಯಿತು.

ಕಂಡದ್ದು ಮಿದುಳೇ. ನಿಮಗೆ ತಿಳಿಸುವವರೆಗೆ ಅದು ಕಾಯಲಿಲ್ಲ, ಅಷ್ಟೆ.

ಕಣ್ಣಿಂದ ಹೊರಟ ಸುದ್ದಿ ಹೆಚ್ಚಿನಂಶ ತಲೆಯ ಹಿಂಭಾಗದ ದೃಷ್ಟಿ ಕವಚಕ್ಕೆ, ಅಂದರೆ ನೋಟವನ್ನು ಅರ್ಥಮಾಡಿಕೊಳ್ಳುವ ಮಿದುಳಿನ ಹೊರಪದರಕ್ಕೆ, ಹೋಗುತ್ತದೆ. ಅಲ್ಲಿಂದ ಎರಡು ಹರಿವು. ಕೆಳಗಿನದು ಕಂಡದ್ದು ಏನೆಂದು ಗುರುತಿಸುತ್ತದೆ, ಮೇಲಿನದು ಕೈಕಾಲಿಗೆ ದಾರಿ ತೋರಿಸುತ್ತದೆ. ಮಿಲ್ನರ್ ಮತ್ತು ಗುಡೇಲ್ ಎಂಬ ವಿಜ್ಞಾನಿಗಳು 1992ರಲ್ಲಿ ಹೀಗೆ ವಿಂಗಡಿಸಿದ್ದಕ್ಕೆ ಮುಖ್ಯ ಕಾರಣ ಡಿ.ಎಫ್. ಎಂದು ಕರೆಯಲಾದ ಒಬ್ಬ ಮಹಿಳೆ. ಕಾರ್ಬನ್ ಮಾನಾಕ್ಸೈಡ್ ವಿಷದಿಂದ ಆಕೆಗೆ ಆಕಾರ ಗುರುತಿಸುವ ಶಕ್ತಿಯೇ ಹೋಗಿತ್ತು. ಎದುರಿನ ಸೀಳು ಯಾವ ಕಡೆಗೆ ವಾಲಿದೆ ಎಂದು ಹೇಳಲಾಗುತ್ತಿರಲಿಲ್ಲ. ಆದರೆ ಕಾರ್ಡನ್ನು ಅದರೊಳಗೆ ತೂರಿಸಿ ಎಂದರೆ ಕೈ ಸರಿಯಾದ ಕೋನಕ್ಕೇ ತಿರುಗುತ್ತಿತ್ತು.

ಇನ್ನೂ ವಿಚಿತ್ರವಾದದ್ದು ಟಿ.ಎನ್. ಎಂಬ ವೈದ್ಯರ ಕಥೆ, 2008ರಲ್ಲಿ ಪ್ರಕಟವಾದದ್ದು. ಎರಡು ಸಲ ಪಾರ್ಶ್ವವಾಯುವಾಗಿ ಎರಡೂ ಕಡೆಯ ದೃಷ್ಟಿ ಕವಚ ಹೋಗಿ ಪೂರ್ತಿ ಕುರುಡರಾಗಿದ್ದರು. ಪೆಟ್ಟಿಗೆ ಮುಂತಾದವನ್ನು ಅಡ್ಡ ಇಟ್ಟಿದ್ದ ಕಾರಿಡಾರಿನಲ್ಲಿ ಕೋಲಿಲ್ಲದೆ ನಡೆದು, ಒಂದನ್ನೂ ತಾಗಿಸದೆ ದಾಟಿದರು. ತಾನು ಏನನ್ನೋ ತಪ್ಪಿಸಿಕೊಂಡು ಬಂದೆ ಅನ್ನುವುದೂ ಅವರಿಗೆ ತಿಳಿದಿರಲಿಲ್ಲ! ದೃಷ್ಟಿ ಕವಚವನ್ನು ಮುಟ್ಟದೆ ಸುತ್ತಿ ಹೋಗುವ ಒಳದಾರಿಗಳಿವೆ. ಮಿದುಳಿನ ಕಾಂಡದ ಮೇಲಿರುವ ಸುಪೀರಿಯರ್ ಕಾಲಿಕ್ಯುಲಸ್ ಅಂಥದ್ದೊಂದು ತಾಣ. ಮೀನು ಕಪ್ಪೆಗಳಿಗೂ ಇದರದೇ ರೂಪ ಇದೆ. ನಿಮ್ಮ ಜಿಗಿತಕ್ಕೂ ಇದೇ ದಾರಿ ಕಾರಣ ಅಂತ ಕೆಲವರು ವಾದಿಸುತ್ತಾರೆ. ಮನುಷ್ಯರಲ್ಲಿ ಭಯದ ಕೇಂದ್ರಕ್ಕೆ ಸುದ್ದಿ ಹೀಗೇ ಹೋಗುತ್ತದೆಯೇ ಅನ್ನುವ ಜಗಳ ಇನ್ನೂ ಮುಗಿದಿಲ್ಲ, ನಾನೂ ಪಣ ಕಟ್ಟಲಾರೆ.

ಕಣ್ಣು ಸರಿಯಿರುವವರಲ್ಲೂ ಇದನ್ನು ತೋರಿಸಿದ್ದಾರೆ. 1986ರ ಒಂದು ಪ್ರಯೋಗದಲ್ಲಿ, ಕಣ್ಣು ಗುರಿಯತ್ತ ಹೊರಳುವ ಕ್ಷಣದಲ್ಲೇ ಗುರಿಯ ದೀಪವನ್ನು ತುಸು ಸರಿಸಿದರು. ಸರಿದದ್ದು ಯಾರ ಅರಿವಿಗೂ ಬರಲಿಲ್ಲ, ಕೈ ಮಾತ್ರ ಹೊಸ ಜಾಗಕ್ಕೆ ಹೋಯಿತು.

ಅಭ್ಯಾಸದಿಂದ ಇದನ್ನು ಬೆಳೆಸಬಹುದೇ ಅಂತಲೂ ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ. ಕುಟುಂಬಗಳೇ ತಂಡ ಕಟ್ಟಿ ಆಡುವ ನಮ್ಮ ಕೊಡಗಿನ ಕೌಟುಂಬಿಕ ಹಾಕಿಯಲ್ಲಿ ನುರಿತ ಗೋಲ್‌ಕೀಪರನನ್ನು ಬಲಕ್ಕೇ ಯಾಕೆ ಹಾರಿದೆ ಅಂತ ಕೇಳಿ, 'ಹಾರಿಬಿಟ್ಟೆ' ಅಂತಾನೆ. ಎದುರಾಳಿಯ ಸೊಂಟ, ಮಣಿಕಟ್ಟು ತಿರುಗಿದ ರೀತಿಯನ್ನು ಅವನ ಮಿದುಳು ವರ್ಷಗಟ್ಟಲೆ ಆಡಿ ಓದಲು ಕಲಿತಿರುತ್ತದೆ, ಬಾಯಲ್ಲಿ ಹೇಳಲು ಬರುವುದಿಲ್ಲ. ಪಾರ್ಶ್ವವಾಯುವಿನಿಂದ ಅರ್ಧ ನೋಟ ಹೋದವರಿಗೆ ಮಾತ್ರ ಈ ಕಾಣದ ದೃಷ್ಟಿಯನ್ನು ನಂಬಿ ಸಂತೆಯ ರಸ್ತೆ ದಾಟಿ ಅಂತ ನಾನು ಯಾವತ್ತೂ ಹೇಳುವುದಿಲ್ಲ; ಕತ್ತು ತಿರುಗಿಸಿ ಹುಡುಕಿ ನೋಡುವುದನ್ನೇ ಕಲಿಸುತ್ತೇನೆ.

ತೋಟದಲ್ಲಿ ನಿಮಗೂ ಅದೇ ಮಾತು. ತರಗೆಲೆಯಡಿ ಮಲಗಿದ ಕೊಳಕುಮಂಡಲದ ಬಿಂಬ ಕಣ್ಣಿಗೆ ಬೀಳದಿದ್ದರೆ ಯಾವ ಒಳದಾರಿಯೂ ಕೆಲಸಕ್ಕೆ ಬಾರದು. ಗಂಬೂಟು ಹಾಕಿಕೊಂಡೇ ಇಳಿಯಿರಿ.