ಹೇಳಿ ಹೇಳಿ ಸವೆದ ಮಾತು

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದ ಒಬ್ಬರ ಕಥೆ ಇದು. ತುಂಬಾ ಜನ ಗುರುತಿಸುವ ಮುಖ ಅವರದು. ಹಾಗಾಗಿ ಹೆಸರು ಬಿಟ್ಟರೆ ಸಾಲದು ಅಂತ ಮನೆ, ಕೆಲಸದ ವಿವರಗಳನ್ನೂ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.

ಅವರು ಟಿವಿಯಲ್ಲಿ ಸುದ್ದಿ ಓದುವವರು. ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡು ಐದು ತಿಂಗಳಾಗಿತ್ತು. ಮೂರನೇ ವಾರಕ್ಕೇ ಕೆಲಸಕ್ಕೆ ಮರಳಿದ್ದರು.

"ನನಗೆ ಅಳುವೇ ಬರ್ತಿಲ್ಲ ಮೇಡಂ. ಕಲ್ಲಾಗಿಬಿಟ್ಟಿದ್ದೀನಾ?"

ಏನಾಯ್ತು ಹೇಳಿ ಅಂದೆ. ಎಲ್ಲೂ ತಡವರಿಸದೆ ಹೇಳಿ ಮುಗಿಸಿದರು. ಎರಡನೇ ಭೇಟಿಯಲ್ಲಿ ಮತ್ತೆ ಕೇಳಿದೆ. ಅದೇ ಮಾತು, ಅದೇ ಜಾಗದಲ್ಲಿ ಉಸಿರು. ಆಗ ಹೊಳೆಯಿತು. ಸಂದರ್ಶನದಲ್ಲಿ, ಸಮಾರಂಭದಲ್ಲಿ, ಲಿಫ್ಟಿನಲ್ಲಿ ಸಿಕ್ಕವರ ಮುಂದೆ ಹೇಳಿ ಹೇಳಿ, ಗಂಡನ ಸಾವೂ ಅವರು ಓದುವ ಇನ್ನೊಂದು ಸುದ್ದಿಯಾಗಿತ್ತು. ಪರಿಚಯವೇ ಇಲ್ಲದವರು ಬಂದು ಅಳುತ್ತಿದ್ದರು. ಇವರು ನಿಂತು ಸಮಾಧಾನ ಮಾಡುತ್ತಿದ್ದರು.

"ತೆಂಡೂಲ್ಕರ್ ಅಪ್ಪ ಹೋದಾಗ ವಾಪಸ್ ಬಂದು ಸೆಂಚುರಿ ಹೊಡೆದ್ರಲ್ಲ. ನಾನ್ಯಾಕೆ ಹೀಗಿದ್ದೀನಿ?"

ಈ ಹೋಲಿಕೆ ಕೇಳಿದಾಗ ನನಗೆ ಸಂಕಟವಾಗುತ್ತದೆ. 1999ರ ವಿಶ್ವಕಪ್ ನಡುವೆ ಅವರು ಮನೆಗೆ ಹೋಗಿ ಬಂದು ಕೀನ್ಯಾ ವಿರುದ್ಧ ಔಟಾಗದೆ 140 ಹೊಡೆದದ್ದು ನಿಜ. ನಾವು ನೋಡಿದ್ದು ಆ ಆಟವನ್ನು. ಆಮೇಲಿನ ರಾತ್ರಿಗಳನ್ನಲ್ಲ, ಅಲ್ವಾ? ಜೋ ಬೈಡನ್ ಅವರ ಹೆಂಡತಿ ಮತ್ತು ಪುಟ್ಟ ಮಗಳು 1972ರ ಡಿಸೆಂಬರಿನಲ್ಲಿ ಅಪಘಾತದಲ್ಲಿ ತೀರಿಕೊಂಡರು. ಮುಂದಿನ ತಿಂಗಳೇ ಅವರು ಆಸ್ಪತ್ರೆಯಲ್ಲಿ ಸೆನೆಟರ್ ಆಗಿ ಪ್ರಮಾಣವಚನ ತೆಗೆದುಕೊಂಡರು. 2015ರಲ್ಲಿ ಬೆಳೆದ ಮಗ ಕ್ಯಾನ್ಸರ್‌ನಿಂದ ಹೋದ. ಆಗ ಅವರು 2016ರ ಅಧ್ಯಕ್ಷ ಚುನಾವಣೆಗೆ ನಿಲ್ಲಲಿಲ್ಲ. ಮನುಷ್ಯ ಒಬ್ಬರೇ, ಒಂದೊಂದು ಸಲ ಒಂದೊಂದು ದಾರಿ. ಇದನ್ನೇ ಅವರಿಗೆ ಹೇಳಿದೆ.

ಮೂರನೇ ಭೇಟಿಯಲ್ಲಿ, "ಇದುವರೆಗೂ ಯಾರಿಗೂ ಹೇಳದೇ ಇರೋದು ಏನಾದ್ರೂ ಇದ್ಯಾ?" ಎಂದೆ. ತುಂಬಾ ಹೊತ್ತು ಸುಮ್ಮನಿದ್ದರು.

"ಅವತ್ತು ಬೆಳಿಗ್ಗೆ ಮಾತು ಬಿಟ್ಟಿದ್ವಿ. ಫೋನ್ ಚಾರ್ಜರ್ ಸಿಗಲಿಲ್ಲ ಅಂತ ಜಗಳ. ಹೊರಡುವಾಗ ತಿರುಗಿಯೂ ನೋಡಲಿಲ್ಲ ನಾನು."

ಅಳು ಬಂತು. ನಾನು ತಡೆಯಲಿಲ್ಲ.

ಸಲಹೆಗಳು ಅಲ್ಲಿಂದ ಶುರುವಾದವು. ಕೇಳುವವರಿಗೆಲ್ಲ ಒಂದೇ ಉತ್ತರ ಇಟ್ಟುಕೊಳ್ಳಿ: "ಕೇಳಿದ್ದಕ್ಕೆ ಥ್ಯಾಂಕ್ಸ್, ಅದರ ಬಗ್ಗೆ ಈಗ ಮಾತಾಡಲ್ಲ." ವರ್ಷ ತುಂಬಿದ ದಿನದ ಸಂದರ್ಶನ ಬೇಡ. ಅಪಘಾತದ ಸುದ್ದಿಗಳನ್ನು ಕೆಲವು ವಾರ ಬೇರೆಯವರು ಓದಲಿ, ಸಂಪಾದಕರನ್ನು ಕೇಳಿ. ಕೆಲಸ ಬಿಟ್ಟು ಗಂಡನ ಹೆಸರಲ್ಲಿ ಟ್ರಸ್ಟ್ ಮಾಡುವ ಆಸೆ ಅವರಿಗಿತ್ತು. ಒಳ್ಳೆಯದೇ. ಆದರೆ ಈಗಲೇ ಮಾಡಿದರೆ ಪ್ರತಿ ವೇದಿಕೆಯಲ್ಲೂ ಅದೇ ಕಥೆ ಹೇಳಬೇಕು. ಸ್ವಲ್ಪ ತಡೆಯಿರಿ ಎಂದೆ.

ಕೆಲಸಕ್ಕೆ ಹೋಗಿದ್ದು ತಪ್ಪಲ್ಲ. ಸ್ಟ್ರೋಬ್ ಮತ್ತು ಶುಟ್ ಎಂಬ ಸಂಶೋಧಕರು 1999ರಲ್ಲಿ ಬರೆದ ಹಾಗೆ, ಮನಸ್ಸು ದುಃಖಕ್ಕೂ ದಿನದ ಕೆಲಸಕ್ಕೂ ನಡುವೆ ತೂಗಾಡುತ್ತಾ ಚೇತರಿಸಿಕೊಳ್ಳುತ್ತದೆ. ಇವರ ತೂಗು ಒಂದೇ ಕಡೆ ನಿಂತಿತ್ತು, ಅಷ್ಟೇ. ಆರು ತಿಂಗಳು ದಾಟಿದ ಮೇಲೂ ದುಃಖ ಇಡೀ ದಿನ ಬಿಡದೆ ಹಿಡಿದು ಬದುಕೇ ನಿಂತುಹೋದರೆ ಮನೋವೈದ್ಯರನ್ನು ನೋಡಬೇಕು. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಇದನ್ನೂ ಬಿಡಿಸಿ ಹೇಳಿದೆ.

ಮುಖ್ಯವಾದದ್ದು ಮಗಳ ವಿಷಯ. ಹದಿಮೂರು ವರ್ಷ. "ಟಿವಿಯಲ್ಲಿ ಹೇಳ್ತೀಯ, ನನ್ನ ಹತ್ರ ಹೇಳಲ್ಲ" ಎಂದಿದ್ದಳಂತೆ. ದಿನಾ ರಾತ್ರಿ ಅರ್ಧ ಗಂಟೆ ಫೋನ್ ಆಚೆಯಿಟ್ಟು ಅವಳ ಜೊತೆ ಸುಮ್ನೆ ಕೂತ್ಕೊಳ್ಳಿ, ಮಾತು ಬಂದರೆ ಬರಲಿ ಎಂದೆ.

ಹತ್ತು ದಿನದ ಮೇಲೆ ಫೋನ್ ಮಾಡಿದರು. ಜಗಳದ ವಿಷಯ ಮಗಳಿಗೆ ಹೇಳಿದ್ದರು. ಅವಳು ಬಿಕ್ಕಿ ಬಿಕ್ಕಿ ಅತ್ತು, "ಆ ಚಾರ್ಜರ್ ನನ್ನ ಬ್ಯಾಗಲ್ಲಿತ್ತು ಅಮ್ಮ" ಎಂದಳಂತೆ.

ಮುಂದಿನ ಭೇಟಿಗೆ ಇಬ್ಬರೂ ಬನ್ನಿ ಎಂದೆ.