ಬುದ್ಧಿಮಾಂದ್ಯತೆ ಇರುವ ಮಗನಿಗೆ ಬೇಕು-ಬೇಡ ತೋರಿಸಿ ಹೇಳೋಕೆ ಚಿತ್ರದ ಕಾರ್ಡು ಕೊಟ್ಟರೆ ಇರೋ ನಾಲ್ಕು ಮಾತೂ ಬಿಟ್ಟುಬಿಡ್ತಾನಾ? ಕಾರ್ಡು ಒಳ್ಳೇದಾ, ಟ್ಯಾಬ್ ಒಳ್ಳೇದಾ?

ಬಿಡೋದಿಲ್ಲ ಅಕ್ಕಾ. ಇದೇ ಭಯಕ್ಕೆ ನಾನೂ ಮಗಳಿಗೆ ಕಾರ್ಡು ಕೊಡೋದನ್ನು ವರ್ಷಗಟ್ಟಲೆ ಮುಂದೂಡಿದ್ದೆ. ಇದರ ಬಗ್ಗೆ ನಡೆದ ಹಳೆಯ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದ ಒಂದು ಪರಿಶೀಲನೆ 2006ರಲ್ಲಿ ಬಂತು. ಅದರಲ್ಲಿ ಲೆಕ್ಕಕ್ಕೆ ಹಿಡಿದ 27 ಜನರಲ್ಲಿ ಒಬ್ಬರಿಗೂ ಮಾತು ಕಡಿಮೆಯಾಗಿರಲಿಲ್ಲ. ಹೆಚ್ಚಿನವರಿಗೆ ಸ್ವಲ್ಪ ಜಾಸ್ತಿಯೇ ಆಗಿತ್ತು.

ಕಾರ್ಡಾ ಟ್ಯಾಬಾ ಅನ್ನೋದನ್ನು ಸದ್ಯಕ್ಕೆ ಬಿಡಿ. ಒಳಗೆ ಯಾವ ಚಿತ್ರ ಇದೆ ನೋಡಿ. ನಾನು ಎಡವಿದ್ದು ಅಲ್ಲೇ.

ನಾವಿರೋದು ಕೊಪ್ಪಳದಲ್ಲಿ. ಅಂಗಡಿಯಿಂದ ತಂದ ಸೆಟ್ಟು ಸಣ್ಣ ಮಕ್ಕಳದು: ಚೆಂಡು, ಬಾತುಕೋಳಿ, ಸ್ಯಾಂಡ್‌ವಿಚ್. ನಾನು ಸೇರಿಸಿದ್ದು ಸ್ನಾನ, ಊಟ, ನಿದ್ದೆ. ನಾನು ಅವಳಿಗೆ ಹೇಳೋದೆಲ್ಲ ಇತ್ತು. ಅವಳು ನನಗೆ ಹೇಳಬೇಕಾದದ್ದು ಒಂದೂ ಇರಲಿಲ್ಲ. 'ನೋವು' ಇರಲಿಲ್ಲ. 'ಬೇಡ' ಇರಲಿಲ್ಲ. ದೊಡ್ಡವಳಾದ ಮೇಲೆ ತಿಂಗಳು ತಿಂಗಳೂ ಕೈ ಕಚ್ಚಿಕೊಳ್ಳೋಳು, ತಟ್ಟೆ ತಳ್ಳೋಳು. ಹಠ ಅಂತ ಬೈದೆ. ಡಾಕ್ಟರ ಹತ್ತಿರ ಹೋಗಿ ಸಿಟ್ಟು ಇಳಿಸೋ ಗುಳಿಗೆ ಬರೆಸಿಕೊಂಡು ಬಂದೆ. ಗುಳಿಗೆಗೆ ಮಧ್ಯಾಹ್ನವೆಲ್ಲ ಮಂಕಾಗಿ ಮಲಗೋಳು, ಮುಂದಿನ ತಿಂಗಳು ಮತ್ತೆ ಕೈ ಬಾಯಿಗೆ. ಅದು ಮುಟ್ಟಿನ ಹೊಟ್ಟೆನೋವು. ಆ ವಯಸ್ಸಲ್ಲಿ ನನಗೂ ಬರ್ತಿತ್ತು, ಅವ್ವನಿಗೆ ಹೇಳ್ತಿದ್ದೆ, ಅವ್ವ ಬಿಸಿನೀರು ಕಾಸಿ ಕೊಡ್ತಿದ್ದಳು. ಇವಳಿಗೆ ಹೇಳೋ ದಾರಿಯನ್ನೇ ನಾನು ಕೊಟ್ಟಿರಲಿಲ್ಲ. ಬಲಗೈ ಮೇಲೆ ಹಲ್ಲಿನ ಗುರುತು ಈಗಲೂ ಇದೆ.

ಈಗಿನ ಕಾರ್ಡಿನ ಪುಸ್ತಕ ಮನೆಯಲ್ಲೇ ಮಾಡಿದ್ದು. ಮೊಬೈಲಿನಲ್ಲಿ ತೆಗೆದ ನಮ್ಮ ವಸ್ತುಗಳದೇ ಫೋಟೊ, ಲ್ಯಾಮಿನೇಶನ್, ಹಿಂದೆ ವೆಲ್ಕ್ರೊ. ಒಗ್ಗರಣೆ-ಮಿರ್ಚಿ, ಅಜ್ಜಿ, ಗವಿಮಠದ ಜಾತ್ರೆ, ಪ್ಯಾಡು, ಹೊಟ್ಟೆ ಹಿಡಿದುಕೊಂಡ ಹುಡುಗಿ, 'ಬೇಡ', 'ನನ್ನ ಪಾಡಿಗೆ ಬಿಡಿ'. ನಿಮ್ಮ ಮಗನೂ ಬೆಳೆದ ಹುಡುಗ ಆಗಿದ್ದರೆ ಬಾತುಕೋಳಿ ತೆಗೆದುಹಾಕಿ.

"ಇದೇನು, ಹೇಳು" ಅಂತ ಪರೀಕ್ಷೆ ಮಾತ್ರ ಮಾಡಬೇಡಿ. 1985ರಲ್ಲಿ ಅಮೆರಿಕದಲ್ಲಿ ಶುರುವಾದ, ಚಿತ್ರ ಕೈಗಿಟ್ಟು ಬೇಕಾದ್ದು ಕೇಳೋದನ್ನು ಕಲಿಸುವ ಪೆಕ್ಸ್ ಪದ್ಧತಿಯ ಮೊದಲ ಹಂತದಲ್ಲಿ ಪ್ರಶ್ನೆಯೇ ಇಲ್ಲ. ಅವನಿಗೆ ಇಷ್ಟದ ತಿಂಡಿ ನಿಮ್ಮ ಕೈಯಲ್ಲಿರಲಿ. ಇನ್ನೊಬ್ಬರು ಅವನ ಹಿಂದೆ ಕೂತು, ಮಾತಾಡದೆ, ಅವನ ಕೈಯಿಂದಲೇ ಕಾರ್ಡು ಎತ್ತಿಸಿ ನಿಮ್ಮ ಅಂಗೈಗೆ ಇಡಿಸಬೇಕು. ಇಟ್ಟ ಕೂಡಲೇ "ಮಿರ್ಚಿ!" ಅಂದು ಒಂದು ತುಂಡು ಕೊಟ್ಟುಬಿಡಿ. ಹಿಂದೆ ಕೂತವರು ದಿನ ಕಳೆದ ಹಾಗೆ ಕೈ ಸಡಿಲ ಮಾಡ್ತಾ ಬರಬೇಕು.

ಪುಸ್ತಕ ಬೀರುವಿನಲ್ಲಿ ಇಡಬೇಡಿ. ಶಾಲೆಗೂ ಹೋಗಲಿ. ಅಲ್ಲಿ ಬೇಡ ಅಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೋರಿಸಿ, ಅದರಲ್ಲಿ 'ಸಂವಹನ'ದ ವ್ಯಾಖ್ಯೆಯೊಳಗೇ ಇಂಥ ಪರ್ಯಾಯ ವಿಧಾನಗಳು ಸೇರಿವೆ. ಮತ್ತೆ ಅವನು 'ಬೇಡ' ಕಾರ್ಡು ಕೊಟ್ಟರೆ, ನಿಮಗೆ ಸಿಟ್ಟು ಬಂದರೂ, ಮೊದಮೊದಲು ಪ್ರತಿ ಸಲ ಒಪ್ಪಿಕೊಳ್ಳಿ. ಟ್ಯಾಬ್ ಆಮೇಲೆ, ದುಡ್ಡು ಹೊಂದಿದರೆ.